ಕಂಬದ ಮೇಲಿನ ಎಣ್ಣೆ ಕಲೆ

ಶಿವಮೊಗ್ಗದ ಪೇಟೆಯಲ್ಲಿದ್ದ ಆ ನಾಲ್ಕು ಮಹಡಿಯ ಡಿಪಾರ್ಟ್‌ಮೆಂಟ್ ಸ್ಟೋರನ್ನು ಕೆಡವುವ ಮುನ್ನ ಮಾಲೀಕರು ಸಣ್ಣ ಸಮಾರಂಭ ಇಟ್ಟುಕೊಂಡಿದ್ದರು. ಭದ್ರಾವತಿಯ ಜನ್ನಾಪುರದಿಂದ ದಿನಾ ಬಸ್ಸಿನಲ್ಲಿ ಬಂದು ಹನ್ನೆರಡು ವರ್ಷ ಅಲ್ಲಿ ಸೀರೆ ತೋರಿಸಿದ ನನ್ನನ್ನೂ ಕರೆದಿದ್ದರು.

“ಈ ಬಿಲ್ಡಿಂಗ್ ಹಿಸ್ಟರಿ ನಾಲ್ಕು ಮಾತಲ್ಲಿ ಹೇಳಮ್ಮ. ಕೂತ್ಕೊಂಡೇ ಹೇಳು,” ಎಂದು ಅವರು ಕುರ್ಚಿ ತೋರಿಸಿ ಮೈಕ್ ಕೊಟ್ಟರು.

ನಾನು ನಿಂತೇ ಮೈಕ್ ಹಿಡಿದೆ. ಎದುರಿನ ಕಂಬದ ಮೇಲೆ, ಎಷ್ಟು ಸಲ ಬಣ್ಣ ಬಳಿದರೂ ಮತ್ತೆ ಮೂಡುತ್ತಿದ್ದ ಕಪ್ಪು ಕಲೆ ತಲೆಯೆತ್ತರದಲ್ಲಿ ಹಾಗೇ ಇತ್ತು.

“ಅದು ನಮ್ಮ ತಲೆ ಎಣ್ಣೆ. ಕೆಲಸದ ಹೆಂಗಸರು ಕೂರಬಾರದು ಅಂತ ರೂಲ್ಸ್ ಇತ್ತು. ಕಾಲು ಸೋತಾಗ ಆ ಕಂಬಕ್ಕೆ ಒರಗ್ತಿದ್ವಿ,” ಎಂದೆ.

ಮಾಲೀಕರು ಮೈಕಿಗೆ ಕೈ ಚಾಚಿದರು. ನಾನು ಬಿಡಲಿಲ್ಲ.

“ಹಿಸ್ಟರಿ ಇಷ್ಟೇ ಸಾರ್. ಕುರ್ಚಿ ಬೇಡ, ಇಲ್ಲಿ ಕೂತು ಅಭ್ಯಾಸ ಇಲ್ಲ.”