ಕಾಲಿಗೆ ನೀರು

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಕೂತಿರುತ್ತದೆ ಎಂದು ಮನೆಯವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಬಂದ ಹಾಗೆ ಹೋಗುವ ಸಿಟ್ಟು ಅದು. ಆ ಬೇಸಿಗೆಯಲ್ಲಿ ಬಂದದ್ದು ಮಾತ್ರ ಇನ್ನೂ ಹೋಗಿಲ್ಲ.

ಹಳಿಯಾಳದಲ್ಲಿ ಶಾಲೆಯ ಟೀಚರಾಗಿದ್ದು ನಿವೃತ್ತಳಾದ ಮೇಲೆ ನಾನು ಒಂದು ಸಂಸ್ಥೆಯ ಕೆಲಸಕ್ಕೆ ಸೇರಿದ್ದೆ. ಬರ ಬಿದ್ದ ಊರುಗಳಲ್ಲಿ ಮನೆಮನೆಗೆ ಹೋಗಿ, ಮಕ್ಕಳಿಗೆ ಏನು ಕೊರತೆಯಾಗಿದೆ ಎಂದು ಬರೆದುಕೊಳ್ಳುವ ಕೆಲಸ. ನಮ್ಮ ಕಡೆ ಬರ ಎಂದರೆ ಜನ ನಗುತ್ತಿದ್ದರು. "ಕಾಡೈತಿ, ಕಾಳಿ ಹೊಳಿ ಐತಿ, ಸೂಪಾ ಡ್ಯಾಮ್ ಐತಿ, ನಿಮಗೆಲ್ಲಿ ಬರ ಬಂತ್ರೀ?" ಎಂದು ಬಸ್ಸಿನಲ್ಲಿ ಪಕ್ಕ ಕೂತವರು ಕೇಳುತ್ತಿದ್ದರು. ಅವರು ನೋಡಿದ್ದು ದಾಂಡೇಲಿಯಲ್ಲಿ ರಜೆಗೆ ಬಂದವರ ರಬ್ಬರ್ ದೋಣಿಗಳನ್ನು. ಮುಂಡಗೋಡದ ಕಡೆ ಕೆರೆಯ ತಳದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದದ್ದನ್ನು ನೋಡಿರಲಿಲ್ಲ.

ನನ್ನ ಜೊತೆ ಬರುತ್ತಿದ್ದವರು ಸಂಸ್ಥೆಯ ಒಬ್ಬ ತರುಣ ಅಧಿಕಾರಿ. ಪ್ರಶ್ನೆ ಕೇಳುವವಳು ನಾನು, ಉತ್ತರವನ್ನು ಟ್ಯಾಬ್‌ನಲ್ಲಿ ಒತ್ತುವವರು ಅವರು. ಕೆಟ್ಟವರಲ್ಲ. ಬಿಸಿಲಿಗೆ ಗೊಣಗುತ್ತಿರಲಿಲ್ಲ, ಮಕ್ಕಳನ್ನು ಕಂಡರೆ ಅಕ್ಕರೆಯಿಂದ ಮಾತಾಡಿಸುತ್ತಿದ್ದರು.

ಮುಂಡಗೋಡದ ಕಡೆಯ ಒಂದು ಕೇರಿಯಲ್ಲಿದ್ದದ್ದು ಹತ್ತೋ ಹನ್ನೆರಡೋ ಮನೆ, ಎಲ್ಲರೂ ಕೂಲಿಯವರು. ಮೊದಲ ಮನೆಯಲ್ಲಿ ಒಬ್ಬ ತಾಯಿ, ಕಂಕುಳಲ್ಲಿ ಕೂಸು, ಮತ್ತು ಹನ್ನೊಂದು ವರ್ಷದ ಮಗಳು. ನಾವು ಅಂಗಳಕ್ಕೆ ಕಾಲಿಡುತ್ತಲೇ ಹುಡುಗಿ ಒಳಗಿಂದ ತುಂಬಿದ ತಂಬಿಗೆ ಹಿಡಿದು ಬಂದಳು.

"ಕಾಲಿಗೆ ನೀರ ತಗೋರಿ."

ಅಧಿಕಾರಿ ಒಂದು ಹೆಜ್ಜೆ ಹಿಂದೆ ಸರಿದು "ಬೇಡಮ್ಮ, ಪರವಾಗಿಲ್ಲ" ಅಂದರು. ತಾಯಿಯ ಮುಖ ಸಣ್ಣದಾಯಿತು. ಯಾಕೆಂದು ನನಗೆ ಗೊತ್ತಿತ್ತು. ಆ ಕೇರಿಯವರ ನೀರು ಮುಟ್ಟದ ಜನ ಸುತ್ತಲಿನ ಊರುಗಳಲ್ಲಿ ಇನ್ನೂ ಇದ್ದಾರೆ. ನಾನು ಅಧಿಕಾರಿಯ ಕಿವಿಯ ಹತ್ತಿರ ಹೋಗಿ, "ತಗೋರಿ ಸರ್. ಬ್ಯಾಡ ಅಂದ್ರ, ಇವರು ನಮ್ಮ ನೀರು ಮುಟ್ಟಂಗಿಲ್ಲ ಅಂತ ತಿಳ್ಕೋತಾರ" ಎಂದೆ. ಅವರು ಬೂಟು ಬಿಚ್ಚಿ ಕಾಲು ಚಾಚಿದರು. ನಾನೂ ಚಾಚಿದೆ. ಒಳಗೆ ಹೋಗಿ ಚಾಪೆಯ ಮೇಲೆ ಕೂತೆವು.

ಹುಡುಗಿ ಆರನೇ ತರಗತಿ. ಇವತ್ತು ಶಾಲೆಗೆ ಯಾಕೆ ಹೋಗಿಲ್ಲ ಎಂದು ಕೇಳಿದೆ.

"ನೀರಿಗೆ ಹೋಗಿದ್ನಿರಿ. ಅಡವಿ ಅಂಚಿನ ಬೋರಿಗೆ ಹೋಗಿ ಎರಡ ಕೊಡ ತರೂದ್ರಾಗ ಗಂಟಿ ಹೊಡದಿರತಾರ."

ತಾಯಿ ಬೆಳಕು ಹರಿಯುವ ಮೊದಲೇ ಕೂಲಿಗೆ ಹೋಗುತ್ತಾಳೆ. ಅಂದು ನಾವು ಬರುತ್ತೇವೆಂದು ಉಳಿದುಕೊಂಡಿದ್ದಳು. "ಕೇರಿಗೆ ಒಂದ ಟ್ಯಾಂಕರ್ ಬಂದ್ರ ಈಕಿ ಶಾಲಿಗೆ ಹೊಕ್ಕಾಳ್ರಿ. ಬ್ಯಾರೆ ಏನೂ ಕೇಳಂಗಿಲ್ಲ ನಾವು" ಅಂದಳು. ನಾನು ಅದನ್ನು ಇದ್ದ ಹಾಗೇ ಬರೆಸಿದೆ. ಅಂದು ಎಲ್ಲ ಮನೆಯ ಮುಂದೆಯೂ ನಾವು ಕಾಲು ತೊಳೆದುಕೊಂಡೆವು. ಹಬ್ಬದ ದಿನವೂ ನನ್ನ ಕಾಲು ಅಷ್ಟು ಸ್ವಚ್ಛವಾಗಿರಲಿಲ್ಲ ಎಂದು ದಾರಿಯಲ್ಲಿ ನಕ್ಕೆವು ಕೂಡ.

ಹದಿನೈದು ದಿನ ಕಳೆದ ಮೇಲೆ, ನಾವು ತುಂಬಿದ ಉತ್ತರಗಳನ್ನು ನೋಡಿ ಮಾಡಿದ, ನೀರಿನ ಟ್ಯಾಂಕರ್ ಹೋಗಬೇಕಾದ ಊರುಗಳ ಪಟ್ಟಿ ಬಂತು. ಅದರಲ್ಲಿ ಆ ಕೇರಿ ಇರಲಿಲ್ಲ.

ನಾನು ಸೀದಾ ಅಧಿಕಾರಿಯ ಮೇಜಿನ ಮುಂದೆ ಹೋಗಿ ನಿಂತೆ. ಅವರಿಗೂ ಆಶ್ಚರ್ಯವಾಗಿತ್ತು. ಟ್ಯಾಬ್ ತೆಗೆದು ಹುಡುಕಿದರು. ಕೊನೆಯ ಪುಟದಲ್ಲಿ ಒಂದು ಪ್ರಶ್ನೆ ಇತ್ತು, ನಾನು ಕೇಳಬೇಕಾದದ್ದಲ್ಲ, ಅವರೇ ನೋಡಿ ತುಂಬಬೇಕಾದದ್ದು: ಕುಡಿಯಲು ಮತ್ತು ಅಡುಗೆಗೆ ಬಿಟ್ಟು ಬೇರೆ ಕೆಲಸಕ್ಕೆ ಈ ಮನೆಯವರು ನೀರು ಬಳಸಿದ್ದನ್ನು ಕಣ್ಣಾರೆ ಕಂಡಿರಾ? ಅವರು ಪ್ರತಿ ಮನೆಗೂ ಹೌದು ಎಂದು ಒತ್ತಿದ್ದರು. ಅಷ್ಟಕ್ಕೇ ಕೇರಿಗೆ ಕೇರಿಯೇ ನೀರು ಸಾಕಷ್ಟಿರುವ ಊರಾಗಿಬಿಟ್ಟಿತ್ತು.

"ಕಂಡದ್ದನ್ನೇ ಒತ್ತಿದೆ ಟೀಚರ್" ಅಂದರು ಮೆಲ್ಲಗೆ.

ನನಗೆ ಮೈಯೆಲ್ಲ ಉರಿಯಿತು. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಆ ನೀರು ಯಾರ ತಲೆಯ ಮೇಲೆ ಬಂತು ಎಂದು ಕೇಳುವ ಪ್ರಶ್ನೆ ಯಾಕಿಲ್ಲ? ಬಡವರು ಬಾಯಲ್ಲಿ ಸುಳ್ಳು ಹೇಳಬಹುದು ಎಂದು ತಾನೇ ಈ ಕಣ್ಣಿನ ಪ್ರಶ್ನೆ ಇಟ್ಟದ್ದು? ತಂಪು ಕೋಣೆಯಲ್ಲಿ ಕೂತು ಇದನ್ನು ಬರೆದ ಪುಣ್ಯಾತ್ಮ ಜನ್ಮದಲ್ಲಿ ಒಂದು ಸಲವಾದರೂ ಯಾರ ಮನೆಗಾದರೂ ಹೋಗಿದ್ದಾನೆಯೇ? ಅದೇ ಪ್ರಶ್ನೆ ಹಳಿಯಾಳದ ಹಳ್ಳಿಗಳಿಗೂ ಹೋಗಿತ್ತು, ಜೋಯಿಡಾದ ಕಾಡೊಳಗಿನ ಮನೆಗಳಿಗೂ ಹೋಗಿತ್ತು. ಎಷ್ಟು ಮಕ್ಕಳ ಹೆಸರು ಹೀಗೆ ತಂಬಿಗೆ ನೀರಿನಲ್ಲಿ ತೊಳೆದುಹೋಯಿತೋ ಯಾರಿಗೆ ಗೊತ್ತು. ಎಲ್ಲ ಕೂಗಾಡಿ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಾಗ ಇನ್ನೊಂದು ನೆನಪಾಯಿತು. ಕಾಲು ಚಾಚಿ ಎಂದು ಅವರಿಗೆ ಹೇಳಿದವಳು ನಾನೇ.

ಕಳಿಸಿದ ಉತ್ತರವನ್ನು ತಿದ್ದಲು ಬರುವುದಿಲ್ಲವಂತೆ. ಮತ್ತೊಮ್ಮೆ ಹೋಗಿ ಹೊಸದಾಗಿ ತುಂಬಬಹುದಂತೆ. ನಾನು ಬೆನ್ನು ಬಿಡಲಿಲ್ಲ, ಒಪ್ಪಿಸಿದೆ. ಆದರೆ ಅದಕ್ಕೂ ಮೊದಲು ಕೇರಿಗೆ ನಾನೊಬ್ಬಳೇ ಹೋಗಬೇಕಾಗಿತ್ತು.

ತಾಯಿ ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ಅಂದ್ರ, ಮನಿಗೆ ಬಂದೋರಿಗೆ ಕಾಲಿಗೆ ನೀರ ಕೊಡಬ್ಯಾಡ ಅಂತ ಹೇಳಾಕ ಬಂದೀರೇನ್ರಿ?" ಅಂದಳು.

"ಒಂದ ದಿನ, ಅಷ್ಟ."

"ನಾವು ಉಪಾಸ ಬಿದ್ದಾಗೂ ಕೊಟ್ಟೇವ್ರಿ. ನಾಳೆ ಊರಾಗ ಏನಂತಾರ? ಈ ಮಂದಿಗೆ ರೀತಿ ಇಲ್ಲ ಅಂತಾರ. ಮೊದಲಿಂದನೂ ಹಂಗ ಅಂತಾರ."

ಮಗಳು ಅಷ್ಟರಲ್ಲಿ ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಹೊತ್ತು ಅಂಗಳಕ್ಕೆ ಬಂದಳು. ತಾಯಿ ಅವಳನ್ನೇ ನೋಡುತ್ತಾ ನಿಂತಳು. "ಆತು ಬಿಡ್ರಿ" ಅಂದಳು.

ಅಧಿಕಾರಿ ಎರಡನೆಯ ಸಲ ಬಂದ ದಿನ ಯಾವ ಬಾಗಿಲಲ್ಲೂ ತಂಬಿಗೆ ಇರಲಿಲ್ಲ. ಮೊದಲ ಮನೆಯಲ್ಲಿ ಹುಡುಗಿ ರೂಢಿಯಂತೆ ಒಳಗೆ ಓಡಿದಳು. ತಾಯಿ ಅವಳ ಕೈ ಹಿಡಿದು ನಿಲ್ಲಿಸಿದಳು. ಬರ್ರಿ ಎನ್ನಲಿಲ್ಲ, ಚಾಪೆ ಹಾಸಲಿಲ್ಲ, ಸೆರಗನ್ನು ಬಾಯಿಗೆ ಒತ್ತಿಕೊಂಡು ನೆಲ ನೋಡುತ್ತಾ ನಿಂತಳು. ಅಧಿಕಾರಿ ಇಲ್ಲ ಎಂದು ಒತ್ತಿದರು. ನಮ್ಮ ಧೂಳು ಕಾಲಿನಲ್ಲೇ ನಾವು ತಿರುಗಿ ಬಂದೆವು.

ಅದರ ಮುಂದಿನ ವಾರ ಟ್ಯಾಂಕರ್ ಬಂತು.

ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಆ ಕೇರಿಗೆ ಹೋದೆ. ಹುಡುಗಿ ಮನೆಯಲ್ಲಿರಲಿಲ್ಲ, ಶಾಲೆಗೆ ಹೋಗಿದ್ದಳು. ಅಂದು ಕೂಲಿ ಇಲ್ಲದ್ದರಿಂದ ತಾಯಿ ಮನೆಯಲ್ಲೇ ಇದ್ದಳು. ನನ್ನನ್ನು ಕಂಡವಳೇ ಎದ್ದಳು. ಒಳಗೆ ಹೋಗಿ ಬಂದಳು. ತಂದದ್ದು ತಂಬಿಗೆಯಲ್ಲ, ತುಂಬಿದ ಕೊಡ. ನನ್ನ ಕಾಲಿನ ಮೇಲೆ ತಾನೇ ಸುರಿಯತೊಡಗಿದಳು. "ಸಾಕು ತಂಗಿ" ಅಂದೆ. ಕಿವಿಗೆ ಹಾಕಿಕೊಳ್ಳಲಿಲ್ಲ. ಕೊಡ ಪೂರ್ತಿ ಬರಿದಾಗುವವರೆಗೂ ಸುರಿದು, ಅದನ್ನು ಬೋರಲು ಹಾಕಿ, ಮಗಳ ಕೈ ಹಿಡಿದು ನಿಲ್ಲಿಸಿದ ದಿನದ ನಂತರ ಮೊದಲ ಸಲ ನನ್ನ ಮುಖ ನೋಡಿದಳು.

"ಈಗ ಒಳಗ ಬರ್ರಿ" ಅಂದಳು.