ಮಾವನವರು ಸಾಕಿದ ಪರದೇಶಿ ಹುಳು

ನಮ್ಮ ಮಾವನವರ ಎಡ ಮೊಣಕೈ ಪೂರ್ತಿ ಚಾಚಲು ಬರುತ್ತಿರಲಿಲ್ಲ. ದನದ ಡಾಕ್ಟರಾಗಿದ್ದಾಗ ಹೋರಿಯೊಂದು ಗೋಡೆಗೊತ್ತಿ ಮುರಿದ ಕೈ ಅದು. ನಡೆಯುವಾಗ, ಕಾಣದ ಕೂಸೊಂದನ್ನು ಎತ್ತಿಕೊಂಡವರಂತೆ ಆ ಕೈ ಎದೆಯ ಹತ್ತಿರವೇ ಇರುತ್ತಿತ್ತು. ನಿವೃತ್ತರಾಗಿ ನ್ಯಾಮತಿಗೆ ಬಂದ ಮೇಲೂ ಜನ ದನ ಕುರಿಗಳನ್ನು ಅವರ ಬಾಗಿಲಿಗೇ ಹೊಡೆದುಕೊಂಡು ಬರುತ್ತಿದ್ದರು. ಅವರು ಯಾವ ಪ್ರಾಣಿಯನ್ನೂ ತಕ್ಷಣ ಮುಟ್ಟುತ್ತಿರಲಿಲ್ಲ. "ಕಣ್ಣಿನ ಕೆಲ್ಸ ಮುಗೀಲಿ, ಆಮೇಲೆ ಕೈ ಹಾಕಾಣ" ಎನ್ನುವರು.

ನಾನು ಆ ಮನೆಯ ಸೊಸೆ. ನನ್ನ ಮಗಳು ಪುಟ್ಟ ಹೆಜ್ಜೆಯಿಟ್ಟು ನಡೆಯಲು ಕಲಿತಿದ್ದರೂ ನಾನು ಮಾವನವರ ಮುಖವನ್ನು ನೆಟ್ಟಗೆ ನೋಡಿರಲಿಲ್ಲ. ತಲೆಯ ಮೇಲೆ ಸೆರಗು, ಕಣ್ಣು ನೆಲದ ಮೇಲೆ.

ಎರಡನೇ ಮಹಾಯುದ್ಧ ಶುರುವಾಗುವ ಮುಂಚಿನ ಬೇಸಿಗೆಯಲ್ಲಿ, ಹಡಗಿನ ಕೆಲಸದಲ್ಲಿದ್ದ ಅವರ ಗೆಳೆಯರೊಬ್ಬರು ಬ್ರೆಜಿಲ್ ದೇಶದಿಂದ ಕೆಲವು ಕಾಡು ರೇಷ್ಮೆಗೂಡುಗಳನ್ನು ತಂದುಕೊಟ್ಟರು. ಕೊಡುವಾಗಲೇ ಎಚ್ಚರಿಸಿದರು: "ಅಲ್ಲಿ ಕೆಲವು ಹುಳ ಮುಟ್ಟಿದ್ರೆ ವಸಡಿನಾಗೆ ರಕ್ತ ಒಸರಿ ಮನುಷ್ಯ ಸಾಯ್ತಾನಂತೆ. ಇವು ಯಾವ ಜಾತಿಯೋ ನನಗೆ ಗೊತ್ತಿಲ್ಲಪ್ಪ."

ಮೊದಲ ಮಳೆಗೆ ಪತಂಗಗಳು ಹೊರಬಂದವು. ಅಂಗೈಗಿಂತ ಅಗಲ, ಇಟ್ಟಿಗೆ ಬಣ್ಣ, ಪ್ರತಿ ರೆಕ್ಕೆಯಲ್ಲೂ ಗಾಜು ಕೂರಿಸಿದಂಥ ಕಿಟಕಿ. ಸವಳಂಗದಾಚೆಯ ಕಾಡಿನಲ್ಲಿ ಇಂಥದೇ ಕಿಟಕಿಯಿದ್ದ ದೊಡ್ಡ ಪತಂಗವನ್ನು ಮಾವನವರು ಕಂಡಿದ್ದರು. "ಇದು ಅದರ ದಾಯಾದಿನೇ. ಅದರ ಹುಳ ಯಾರಿಗೂ ಏನೂ ಮಾಡಲ್ಲ, ಇದೂ ಮಾಡ್ಲಿಕ್ಕಿಲ್ಲ" ಎಂದರು. ಆ 'ಮಾಡ್ಲಿಕ್ಕಿಲ್ಲ' ನನಗೆ ಸಮಾಧಾನ ಕೊಡಲಿಲ್ಲ.

ಮೊಟ್ಟೆಯೊಡೆದ ಮರಿಗಳು ಬೇವನ್ನೂ ಮುಟ್ಟಲಿಲ್ಲ, ಸೀಬೆಯನ್ನೂ ಮುಟ್ಟಲಿಲ್ಲ. ಬಹಳಷ್ಟು ಸತ್ತವು. ಉಳಿದವು ಕೊನೆಗೆ ಹಿತ್ತಲಿನ ಹರಳು ಗಿಡದ ಎಲೆಗೆ ಬಾಯಿ ಹಾಕಿದವು.

ಒಂದು ಮಧ್ಯಾಹ್ನ ಮಗಳು ಚೀರಿದ್ದು ಕೇಳಿ ಓಡಿದೆ. ಹುಳುವಿನ ಪೆಟ್ಟಿಗೆಯ ಜಾಲರಿ ಸರಿದಿತ್ತು. ಅವಳ ಮುಷ್ಟಿಯಲ್ಲಿ ಎಲೆಯೂ ಹುಳುವೂ ಜಜ್ಜಿಹೋಗಿದ್ದವು. ಅಂಗೈ ಕೆಂಪಾಗಿ ಊದುತ್ತಿತ್ತು.

"ರೀ, ನಿಮ್ಮ ಹುಳ ನಮ್ಮ ಕೂಸನ್ನ ತಿಂತಲ್ರೀ!" ಎಂದು ಅತ್ತೆ ಕೂಗಿಕೊಂಡರು.

ಮಾವನವರು ಮಗುವಿನ ಕೈ ತೊಳೆದರು. ಅವಳು ನೋವಿಗೆ ಮತ್ತೆ ಮುಷ್ಟಿ ಬಿಗಿದುಕೊಂಡಳು. ಶಿವಮೊಗ್ಗದ ಆಸ್ಪತ್ರೆಗೆ ಹೋಗಲು ಗಾಡಿ ತರಲು ಪಕ್ಕದ ಮನೆಯವರನ್ನು ಓಡಿಸಿದರು. ಆಮೇಲೆ ಪೆಟ್ಟಿಗೆಗೆ ಕೈಹಾಕಿ, ಸಿಕ್ಕಷ್ಟು ಹುಳುಗಳನ್ನು ತೆಗೆದು ತಮ್ಮ ಎಡ ತೋಳಿನ ಮೇಲೆ ಅರೆದು ಉಜ್ಜಿಕೊಂಡರು.

"ಏನ್ ಮಾಡ್ತಿದೀರಿ ನೀವು?" ಎಂದರು ಅತ್ತೆ.

"ಮಗೀಗೆ ಏನಾಗ್ತೈತೋ ಅದು ನನಗೆ ಮೊದ್ಲು ಆಗ್ಲಿ. ಅಲ್ಲಿ ಡಾಕ್ಟ್ರಿಗೆ ಹೇಳಾಕಾದ್ರೂ ಬರ್ತೈತೆ." ನನ್ನ ಕಡೆ ತಿರುಗಿದರು. "ಬಾರವ್ವ, ನನ್ನ ವಸಡು ನೋಡ್ತಿರು. ರಕ್ತ ಕಂಡ್ರೆ ಕಂಡೈತೆ ಅನ್ನು. ನಾಚಿಕೆ ಬ್ಯಾಡ."

ಸೆರಗು ಜಾರಿದ್ದು ಗೊತ್ತಾಗಲಿಲ್ಲ. ಅವರ ಬಾಯಿ ನೋಡಿದೆ, ಮಗಳ ಬಾಯಿ ನೋಡಿದೆ, ಮತ್ತೆ ಅವರದು. ಗಾಡಿಯ ಸದ್ದಿಲ್ಲ. ಕೆಳತುಟಿ ಹಿಡಿದೆಳೆದುಕೊಂಡೇ ಅವರು ಮತ್ತೆ ಮತ್ತೆ ಬೀದಿಯ ಕಡೆ ನೋಡುತ್ತಿದ್ದರು. ಅವರಿಗೂ ಭಯವಾಗಿದೆ ಎಂದು ಆಗ ತಿಳಿಯಿತು.

ಅತ್ತೆ ಬೆಲ್ಲದ ಚೂರು ತೋರಿಸಿದಾಗ ಮಗಳು ಬೆರಳು ಅಗಲಿಸಿದಳು. ಬೆರಳ ಸಂದಿಯಲ್ಲಿ ಏನೋ ಕಚ್ಚಿಕೊಂಡಿತ್ತು. ಮಾವನವರು ಬಾಗಿ ನೋಡಿದರು. ಕೆಂಪಿರುವೆಯ ತಲೆ. ಹರಳೆಲೆಯ ತೊಟ್ಟಿನ ಜೊತೆ ಇರುವೆಗಳು ಪೆಟ್ಟಿಗೆಗೆ ಬಂದಿದ್ದವು. ಅವರ ತೋಳಿನ ಮೇಲೆ ಹಸಿರು ಲೋಳೆಯ ಹೊರತು ಒಂದು ಗಂದೆಯೂ ಇರಲಿಲ್ಲ.

"ಇರುವೆ ಕಣವ್ವ" ಎಂದವರು ಗೋಡೆಗೆ ಮುಖ ಮಾಡಿ ಅತ್ತರು.

ಗಾಡಿ ಬಂತು. ಇರುವೆಯೆಂದು ಗೊತ್ತಾದರೂ ಶಿವಮೊಗ್ಗಕ್ಕೆ ಹೋದೆವು. ಹೆದರುವಂಥದ್ದೇನೂ ಇಲ್ಲ ಎಂದು ಆಸ್ಪತ್ರೆಯವರು ಕಳಿಸಿದರು. ವಾಪಸ್ಸು ಬಂದ ಮೇಲೆ ಮಾವನವರು ನನ್ನನ್ನು ಕೇಳಿದರು: "ಎಲ್ಲಾ ಸುಟ್ಟುಬಿಡ್ಲೇನವ್ವ? ನೀನು ಹೆಂಗೆ ಹೇಳ್ತಿ ಹಂಗೆ."

ಆ ಮನೆಯಲ್ಲಿ ಅಲ್ಲಿಯವರೆಗೆ ಯಾರೂ ಯಾವುದಕ್ಕೂ ನನ್ನ ಅಭಿಪ್ರಾಯ ಕೇಳಿರಲಿಲ್ಲ. "ಬ್ಯಾಡ್ರಿ ಮಾವಾರೆ. ಪೆಟ್ಟಿಗೆಗೆ ಚಿಲಕ ಹಾಕಿಸ್ರಿ, ಸಾಕಾಣ" ಎಂದೆ. ಅಂದಿನಿಂದ ಇರುವೆ ಹೋಗುವಂತೆ ಎಲೆ ಒದರಿ ಹಾಕುವ ಕೆಲಸ ನನ್ನದಾಯಿತು. ಹುಳುಗಳು ದಪ್ಪಗೆ ಹಸಿರಾಗಿ ಬೆಳೆದು ಗೂಡು ಕಟ್ಟಿದವು. "ಏನ್ ಕಂಡೆ ಹೇಳು" ಎಂದು ಅವರು ದಿನವೂ ನನ್ನನ್ನು ಎದುರಿಗೆ ಕೂರಿಸಿಕೊಂಡು ಕೇಳುತ್ತಿದ್ದರು.

ಯುದ್ಧ ಇನ್ನೂ ನಡೆಯುತ್ತಿದ್ದಾಗ ಜಗಳೂರಿನ ಕಡೆ ಕುರಿಗಳಿಗೆ ಬೇನೆ ಬಂತೆಂದು ಹೋದ ಮಾವನವರು ಅಲ್ಲೇ ಜ್ವರದಿಂದ ತೀರಿಕೊಂಡರು. ನಾವು ಬಸ್ಸಿಳಿದು ಹೋದಾಗ ಕುರಿಗಾರರು ಅವರ ಸುತ್ತ ಕೂತಿದ್ದರು. ನಾನು ಅಳುತ್ತಿದ್ದುದನ್ನು ಕಂಡು ಅವರಲ್ಲೊಬ್ಬ ಮುದುಕಿ, "ನಿಮ್ಮಪ್ಪಾರೇನವ್ವ?" ಎಂದಳು.

ಹೌದು ಎಂದೆ. ಅತ್ತೆ ಪಕ್ಕದಲ್ಲೇ ಇದ್ದರು, ತಿದ್ದಲಿಲ್ಲ.