ಸುಶೀಲಮ್ಮನವರ ಮೂತಿಹುಳುಗಳು

ಸುಶೀಲಮ್ಮನವರ ಸೆರಗಿನ ಮೇಲೆ ಯಾವಾಗಲೂ ಒಂದೆರಡು ಬೂದುಬಣ್ಣದ ಹುಳುಗಳಿರುತ್ತಿದ್ದವು. ಹೆಸರುಕಾಳಿನಷ್ಟು ಮೈ, ಮುಂದೆ ಸೊಂಡಿಲಿನಂಥ ಮೂತಿ. ಕಂಡರೆ ಬೆರಳಿಗೆ ಹತ್ತಿಸಿಕೊಂಡು ಡಬ್ಬಿಗೆ ಬಿಡುತ್ತಿದ್ದರು. ಮಾತು ಮಾತ್ರ ನಿಲ್ಲಿಸುತ್ತಿರಲಿಲ್ಲ.

ಎಂಬತ್ತರ ದಶಕದ ಕೊನೆಯಲ್ಲಿ ಅವರು ಕೃಷಿ ಸಹಾಯಕಿಯಾಗಿ ಕಂಪ್ಲಿಗೆ ಬಂದಾಗ, ನಾನು ಎಮ್ಮಿಗನೂರು ಕಡೆಯ ಕೆರೆಯೊಂದರಲ್ಲಿ ಅಂತರಗಂಗೆ ಕೀಳಿಸುವ ಮೇಸ್ತ್ರಿ. ಕಾಲುವೆಯ ಬಸಿನೀರಿನಿಂದ ಬೇಸಿಗೆಯಲ್ಲೂ ತುಂಬಿರುತ್ತಿದ್ದ ಕೆರೆ. ನೇರಳೆ ಹೂವಿನ ಆ ಕಳೆ ನೀರೇ ಕಾಣದಂತೆ ಹಬ್ಬಿತ್ತು. ಎಂಟು ವರ್ಷ ಎದೆಮಟ್ಟದ ನೀರಿಗಿಳಿದಿದ್ದೆ. ಕಿತ್ತಷ್ಟೂ ಬೆಳೆಯುತ್ತಿತ್ತು. ಆದರೂ ತೂಬು ಕಟ್ಟಿಕೊಂಡರೆ ಊರವರು ನನ್ನನ್ನೇ ಕರೆಯುತ್ತಿದ್ದರು. ಆ ಕರೆಯೇ ನನಗೆ ದೊಡ್ಡದು.

ಅವರು ಕೆರೆಯ ಮೂಡಣ ಮೂಲೆಯಲ್ಲಿ, ಆ ಕಳೆಯನ್ನೇ ತಿಂದು ಬದುಕುವ ಈ ಹುಳು ಬಿಟ್ಟು, ಎರಡು ಮೂರು ವರ್ಷ ಕಾಯಿರಿ ಎಂದರು. ಭತ್ತಕ್ಕೂ ಬಿದ್ದಾವೆಂದು ರೈತರು ಹೆದರಿದಾಗ, ಗಾಜಿನ ಡಬ್ಬಿಯಲ್ಲಿ ಭತ್ತದ ಸಸಿಯ ಜೊತೆ ಹುಳುಗಳನ್ನು ಹಾಕಿ ಚಹಾದಂಗಡಿಯಲ್ಲಿಟ್ಟರು. ಹುಳುಗಳು ಹಸಿದು ಸತ್ತವೇ ಹೊರತು ಸಸಿ ಮುಟ್ಟಲಿಲ್ಲ. ಅಂದಿನಿಂದ ಹೊಲದ ಯಾವ ಮಾತಿಗೂ ಜನ ಅವರನ್ನೇ ಕೇಳತೊಡಗಿದರು. ನನಗೆ ಹೊಟ್ಟೆಯೊಳಗೆ ಕೆಂಡ.

ಒಂದು ದಿನ ಅವರು ಊರಲ್ಲಿಲ್ಲದಾಗ, ಆ ಮೂಲೆಯ ಗಿಡಗಳನ್ನೆಲ್ಲ ಕೀಳಿಸಿ ದಂಡೆಯ ಮೇಲೆ ಒಣಗಲು ಹಾಕಿಸಿದೆ. ಆಳುಗಳು ಗೊತ್ತಿಲ್ಲದೆ ಕಿತ್ತರು ಎಂದು ಅವರಿಗೆ ಸುಳ್ಳು ಹೇಳಿದೆ. ಅವರು ಬೈಯಲಿಲ್ಲ. ಬಿಸಿಲಲ್ಲಿ ಕುಳಿತು, ಕೊಳೆತ ಗಿಡದ ಬುಡಗಳನ್ನು ಒಂದೊಂದಾಗಿ ಬಿಡಿಸಿ, ಬದುಕಿದ್ದ ಹುಳುಗಳನ್ನು ಆರಿಸಿಕೊಂಡರು.

‘ರುದ್ರಪ್ಪಾರ, ಈ ಮೂಲಿ ಒಂದು ನನಗ ಬಿಡ್ರಿ. ಉಳಿದ ಕೆರಿ ನಿಮ್ದ’ ಎಂದರು.

ಬಿಟ್ಟೆ. ಮಧ್ಯಾಹ್ನ ದಂಡೆಯ ಮೇಲೆ ಬುತ್ತಿ ಬಿಚ್ಚಿದಾಗ ಅವರು ನನ್ನನ್ನೂ ಕರೆಯುತ್ತಿದ್ದರು. ಮೂರನೆಯ ವರ್ಷ ಆ ಮೂಲೆಯಲ್ಲಿ ಎಲೆಗಳು ಕಂದಿ, ಗಿಡಗಳು ಕುಗ್ಗಿ ಮುಳುಗತೊಡಗಿದವು. ತೆರೆದ ನೀರಿನಲ್ಲಿ ನೈದಿಲೆ ತಾನಾಗಿ ಎದ್ದಿತು; ಅಂಚಿಗೆ ಜೊಂಡು ಮರಳಿತು. ನಾನು ಕೀಳಿಸುತ್ತಿದ್ದ ಕಡೆ ಮಾತ್ರ ಕಳೆ ಹಾಗೇ ಇತ್ತು. ಕೊನೆಗೆ ನಾನೇ ಬುಟ್ಟಿ ಹೊತ್ತು ಅವರ ಹುಳುಗಳನ್ನು ನನ್ನ ಕಡೆಗೂ ಬಿಟ್ಟೆ.

ವರ್ಗವಾದಾಗ ಬಸ್‌ ನಿಲ್ದಾಣಕ್ಕೆ ಅವರ ಟ್ರಂಕು ಹೊತ್ತೊಯ್ದೆ. ಹೇಳಿಬಿಡೋಣವೆಂದು, ‘ಮೇಡಂ, ಅವತ್ತು ಆ ಗಿಡಾ ಕೀಳ್ಸಿದ್ದು...’ ಎಂದೆ.

‘ಗೊತ್ತೈತ್ರಿ. ಅವತ್ತ ಗೊತ್ತಾಗಿತ್ತು. ಬಸ್ ಬಂತು, ಟ್ರಂಕ್ ಮ್ಯಾಲ ಹಾಕಸ್ರಿ.’

ಮತ್ತೆ ಅವರನ್ನು ನೋಡಲಿಲ್ಲ. ಕೆರೆ ತಿಳಿಯಾದ ಹೆಸರೆಲ್ಲ ಅವರಿಗೆ ಹೋದದ್ದನ್ನು ಹೇಗೋ ನುಂಗಿಕೊಂಡೆ. ಗಿಡ ಕೀಳಿಸಿದ್ದು ನಾನೇ ಎಂದು ತಿಳಿದಿದ್ದೂ ಮೂರು ವರ್ಷ ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡು ಬುತ್ತಿ ಹಂಚಿಕೊಂಡರಲ್ಲ, ಆ ಮನಸ್ಸು ಕಂಡು ಇವತ್ತಿಗೂ ಹೊಟ್ಟೆಕಿಚ್ಚು.